ಒದ್ದೆ ಸೊಪ್ಪು

ಬೆಟ್ಟಗಳ ನಡುವಿನ ಗಾಲ್ಫ್ ಮೈದಾನದಲ್ಲಿ ಕೋನಪ್ಪನ ಮೊದಲ ಕೆಲಸ ಇಬ್ಬನಿ ಒರೆಸುವುದು. ಊರಲ್ಲಿ ಹೇಳಿದರೆ ನಗುತ್ತಿದ್ದರು. ಚೆಂಡು ಬೀಳುವ ಗುಂಡಿಯ ಸುತ್ತ ಚಾಪೆಯ ಹಾಗೆ ಕತ್ತರಿಸಿದ ಹುಲ್ಲಿರುತ್ತದೆ. ಬೆಳಗಿನ ಆರಕ್ಕೆ ಅದರ ಮೇಲೆ ಉದ್ದನೆಯ ಕೋಲಾಡಿಸಿ ಹನಿ ಉದುರಿಸಬೇಕು, ಇಲ್ಲದಿದ್ದರೆ ಚೆಂಡು ಓಡುವುದಿಲ್ಲ. ಹನ್ನೊಂದು ವರ್ಷ ಇದನ್ನೇ ಮಾಡಿದವನಿಗೆ ಮಂಜಿನ ನಡೆ ತನ್ನ ಹಸುವಿನ ನಡೆಯಷ್ಟೇ ಪರಿಚಯವಾಗಿತ್ತು. ಸಂಜೆ ಗಾಳಿ ಬಿದ್ದು, ಮುದ್ದೇನಹಳ್ಳಿ ಕಡೆಯ ಒಲೆಹೊಗೆ ಮೇಲೇಳದೆ ಹೊಲದ ಮೇಲೆಯೇ ಮಲಗಿತೆಂದರೆ ಮರುದಿನ ಕಣಿವೆ ತುಂಬ ಮಂಜು. ಗಾಳಿಯಾಡಿದರೆ ಇಲ್ಲ.

ಅವನನ್ನು ಕೇಳಿಯೇ ಮುಂದುವರಿಯುವವರು ಇಬ್ಬರಿದ್ದರು. ಒಬ್ಬರು ಮೈದಾನದ ಮ್ಯಾನೇಜರು ಮುರಳಿಮೋಹನ್. ಇನ್ನೊಬ್ಬಳು ಪಕ್ಕದ ಮನೆಯ ಅತ್ತಿಗೆ, ರೇಷ್ಮೆಹುಳ ಸಾಕುವ ಶ್ಯಾಮಲಮ್ಮ. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ. ಮಂಜು ಬೀಳುವುದಾದರೆ ಆಕೆ ಹಿಪ್ಪುನೇರಳೆ ಸೊಪ್ಪನ್ನು ಹಿಂದಿನ ಸಂಜೆಯೇ ಕೊಯ್ದಿಡುತ್ತಿದ್ದಳು, ಇಲ್ಲವಾದರೆ ಬೆಳಿಗ್ಗೆ ತಾಜಾ.

ಶಿವರಾತ್ರಿಗೆ ವಾರವಿತ್ತು. ಹೊಂಗೆ ಚಿಗುರುವ, ಬಿಸಿಲಿಗಿನ್ನೂ ಹಲ್ಲು ಮೂಡದ ಆ ದಿನಗಳಲ್ಲಿ ಆಟಕ್ಕೆ ಬರುವವರು ಹೆಚ್ಚು. ಶನಿವಾರ ಸಂಜೆ ಬೆಂಗಳೂರಿನ ನಾಲ್ವರು ಅತಿಥಿಗಳ ಮುಂದೆ ಮುರಳಿಮೋಹನ್ ಕೋನಪ್ಪನ ಹೆಗಲ ಮೇಲೆ ಕೈಯಿಟ್ಟರು. ಇವನೇ ನಮ್ಮ ಹವಾಮಾನ ಇಲಾಖೆ, ಇವನ ಮಾತು ಒಮ್ಮೆಯೂ ಸುಳ್ಳಾಗಿಲ್ಲ ಎಂದು ಹೊಗಳಿ, ನಾಳೆ ಆರೂವರೆಗೇ ಆಟ ಶುರು ಮಾಡಬಹುದಲ್ಲವೇ ಎಂದು ಕೇಳಿದರು.

ಕೋನಪ್ಪ ಮುದ್ದೇನಹಳ್ಳಿ ಕಡೆ ನೋಡಿದ. ಹೊಗೆ ಹೊಲದ ಮೇಲೆ ಮಲಗಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆದರೆ ಐದು ಮುಖಗಳೂ ಒಂದೇ ಉತ್ತರಕ್ಕೆ ಕಾದು ನಗುತ್ತಿದ್ದವು.

"ಕನ್ನಡಿ ಥರ ಇರುತ್ತೆ ಸಾರ್," ಅಂದ.

ಅವರಲ್ಲೊಬ್ಬರು ಅವನ ಕೈ ಕುಲುಕಿದರು. ಜೊತೆಗೆ ಕೆಲಸ ಮಾಡುವ ಸುನೀಲ್ ಮನೆಯ ದಾರಿಯುದ್ದಕ್ಕೂ ಆ ಕನ್ನಡಿಯ ಮಾತನ್ನೇ ಆಡಿ ರೇಗಿಸಿದ. ಬೀದಿಯ ತಿರುವಿನಲ್ಲಿ ಶ್ಯಾಮಲಮ್ಮ ಕುಡುಗೋಲು ಹಿಡಿದು ನಿಂತಿದ್ದಳು.

"ಹುಳ ನಾಲ್ಕನೇ ಜ್ವರ ಎದ್ದಿವೆ ಕಣಪ್ಪ. ಸೊಪ್ಪು ಈಗ್ಲೇ ಕೊಯ್ದಿಡ್ಲಾ, ಬೆಳಿಗ್ಗೆ ಕೊಯ್ಲಾ?"

ನಾಲ್ಕನೇ ಸಲ ಪೊರೆ ಬಿಟ್ಟೆದ್ದ ಹುಳದ ಹಸಿವು ಎಂಥದೆಂದು ಕೋನಪ್ಪನಿಗೆ ಹೇಳಬೇಕಿರಲಿಲ್ಲ. ಆದರೆ ಸುನೀಲ್ ಪಕ್ಕದಲ್ಲೇ ಇದ್ದ. ಅಲ್ಲಿ ಕನ್ನಡಿ ಅಂದವನು ಇಲ್ಲಿ ಮಂಜು ಅನ್ನುವುದು ಹೇಗೆ?

"ಬೆಳಿಗ್ಗೇನೇ ಕೊಯ್ಕೊಳ್ಳಿ ಅತ್ತಿಗೆ. ಏನೂ ಇರಲ್ಲ."

ಭಾನುವಾರ ಬೆಳಿಗ್ಗೆ ಕೋನಪ್ಪನಿಗೆ ತನ್ನ ಕೋಲಿನ ತುದಿಯೇ ಕಾಣಲಿಲ್ಲ. ಬೆಟ್ಟವಿಲ್ಲ, ಮರವಿಲ್ಲ. ಅತಿಥಿಗಳು ವರಾಂಡದಲ್ಲಿ ಕಾಫಿ ಕುಡಿಯುತ್ತ ಮಂಜಿನ ಫೋಟೋ ತೆಗೆದುಕೊಂಡರು. ಇಲಾಖೆಗೂ ಒಂದು ದಿನ ರಜೆ ಬೇಕಲ್ಲಪ್ಪ ಎಂದು ಮುರಳಿಮೋಹನ್ ನಕ್ಕುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಒಂಬತ್ತರ ಹೊತ್ತಿಗೆ ಮಂಜು ಬೆಟ್ಟದ ಸೊಂಟಕ್ಕೇರಿ ಕರಗಿತು. ಎಳೆಬಿಸಿಲು, ತಣ್ಣನೆಯ ಗಾಳಿ, ಬಿಗಿಯಾದ ಹುಲ್ಲು. ಇಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕರೆ ಹೆಚ್ಚು ಎಂದು ಆಡುವವರು ಹೇಳುತ್ತಿದ್ದರು. ಕೋನಪ್ಪ ಅಪ್ಪಣೆ ಕೇಳಿ ಮನೆಯ ಕಡೆ ಓಡಿದ.

ಶ್ಯಾಮಲಮ್ಮನ ಜಗಲಿಯ ಮೇಲೆ ಹಳೆ ಸೀರೆಗಳನ್ನು ಹಾಸಿತ್ತು. ಅವುಗಳ ಮೇಲೆ ಮಂಜಿನಲ್ಲೇ ಕೊಯ್ದ ಒದ್ದೆ ಸೊಪ್ಪಿನ ರಾಶಿ. ಆಕೆ ಒಬ್ಬಳೇ ಕೂತು ಒಂದೊಂದೇ ಎಲೆ ಒರೆಸುತ್ತಿದ್ದಳು. ಒಳಗಿನ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಖಾಲಿ ಗಾಳಿಯಲ್ಲಿ ಅತ್ತಿತ್ತ ಹುಡುಕುತ್ತಿದ್ದವು. ಆಕೆ ದೂರಲಿಲ್ಲ. ಮಂಜು ಯಾರ ಮಾತು ಕೇಳುತ್ತದೆ, ನಿನಗೂ ಒಂದು ಸಲ ತಪ್ಪಬಾರದೇ ಎಂದು ಅವಳೇ ಸಮಾಧಾನ ಹೇಳಿದಳು.

ಕೋನಪ್ಪ ಪಕ್ಕದಲ್ಲಿ ಕೂತು ಬಟ್ಟೆ ಎತ್ತಿಕೊಂಡ. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹತ್ತು ಎಲೆ ಒರೆಸಿದ ಮೇಲೆ ಬಾಯಿಬಿಟ್ಟ.

"ನಿನ್ನೆ ಸಂಜೇನೇ ನಂಗೆ ಗೊತ್ತಿತ್ತು ಅತ್ತಿಗೆ. ಹೊಗೆ ನೋಡಿದ್ದೆ."

ಶ್ಯಾಮಲಮ್ಮನ ಕೈ ನಿಂತಿತು. ಅವನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಅಲ್ಲಿ ಹುಲ್ಲು ಒರೆಸೋಕೆ ಕೋಲಿದೆ," ಅಂದಳು ಕೊನೆಗೆ. "ಇಲ್ಲಿ ಕೈಲೇ ಆಗ್ಬೇಕು. ಬೇಗ ಒರೆಸು."

ಹನ್ನೊಂದಕ್ಕೆ ಹುಳುಗಳಿಗೆ ಸೊಪ್ಪು ಸಿಕ್ಕಿತು. ಮಳೆ ಸುರಿದಂಥ ಸದ್ದು ಮಾಡುತ್ತ ತಿಂದವು. ಎರಡು ತಟ್ಟೆಗಳ ಹುಳುಗಳು ಮಾತ್ರ ತಿನ್ನದೆ ಸಪ್ಪಗೇ ಉಳಿದವು. ಅಷ್ಟರಲ್ಲಿ ಕೋನಪ್ಪನ ಅಂಗೈ ಹಸಿರಾಗಿತ್ತು. ತೊಳೆದರೂ ಹೋಗಲಿಲ್ಲ.

ಅಂದು ಸಂಜೆ ಬೆಟ್ಟದ ಕಡೆಯಿಂದ ಗಾಳಿ ಬೀಸಿತು. ಒಲೆಹೊಗೆ ಎದ್ದು ಚಿಂದಿಯಾಗಿ ಹಾರುತ್ತಿತ್ತು. ನಾಳೆ ಮಂಜಿಲ್ಲ, ಒಂದು ಹನಿಯೂ ಇಲ್ಲ. ಕೋನಪ್ಪ ಬಾಗಿಲಲ್ಲಿ ಕೂತಿದ್ದ. ಶ್ಯಾಮಲಮ್ಮ ಕುಡುಗೋಲು ಹಿಡಿದು ಅವನ ಮುಂದೆಯೇ ಹಾದು ತೋಟಕ್ಕೆ ಇಳಿದಳು. ಕೇಳಲಿಲ್ಲ.

ಈಗ ಕೊಯ್ದರೆ ಸೊಪ್ಪು ಸುಮ್ಮನೆ ಬಾಡುತ್ತದೆ, ಬೆಳಿಗ್ಗೆ ಕೊಯ್ಯಿರಿ ಎಂಬ ಮಾತು ಅವನ ಗಂಟಲವರೆಗೂ ಬಂತು. ಯಾವ ಮುಖದಲ್ಲಿ ಹೇಳುವುದು? ಎದ್ದು ಕುಕ್ಕೆ ಹೊತ್ತು ಹಿಂದೆ ಹೋದ. ಆಕೆ ತಿರುಗಿ ನೋಡದೆ ಕೊಯ್ದು ಕೊಯ್ದು ಕೊಟ್ಟಳು. ಅವನು ಗಾಳಿಗೆ ಬೆನ್ನು ಮಾಡಿ ನಿಂತು ಹನಿಯಿಲ್ಲದ ಎಲೆಗಳನ್ನು ಕುಕ್ಕೆಗೆ ತುಂಬಿದ.