ಗಳ ಹಿಡಿದವರ ಅಂಬಲಿ

ನೆಲದ ಮೇಲೆ ಕೂತು ಕುಡಿದದ್ದು ಯಾವುದೂ ನನಗೆ ಕುಡಿದಂತೆ ಅನಿಸುವುದಿಲ್ಲ. ಸೊಸೆ ಬಸಿಯಲ್ಲಿ ಚಹಾ ಹಾಕಿ ಕೊಡುತ್ತಾಳೆ. ಒಳ್ಳೆಯ ಚಹಾ, ಸುಳ್ಳು ಹೇಳಬಾರದು. ಆದರೆ ಕೂತ ಜಾಗ ಅಲುಗುವುದಿಲ್ಲವಲ್ಲ! ಕುಡಿಯುವಾಗ ಕೆಳಗೆ ಒಂದಿಷ್ಟು ತೂಗಬೇಕು, ಹಲಗೆಗೆ ನೀರು ಬಡಿಯುವ ಸದ್ದು ಕೇಳಬೇಕು. “ಅತ್ತಿ, ಸುಮ್ಮ ಕುಂತು ಕುಡೀರಿ. ಯಾಕ ತೂಗಾಕತ್ತೀರಿ?” ಎಂದು ಸೊಸೆ ಗದರುತ್ತಾಳೆ. ತೂಗುತ್ತಿದ್ದೇನೆ ಎಂಬುದು ಅವಳು ಹೇಳಿದ ಮೇಲೇ ನನಗೆ ತಿಳಿಯುವುದು.

ನಮ್ಮದು ಧುಪದಾಳದ ದೋಣಿಯವರ ಮನೆ. ಒಡ್ಡಿನ ಮೇಲ್ಗಡೆ ಘಟಪ್ರಭೆ ಕೆರೆಯಂತೆ ಹರಡಿ ನಿಲ್ಲುತ್ತಾಳೆ. ಆಚೆ ದಡದವರು ಗೋಕಾಕದ ಸಂತೆಗೆ, ಈಚೆ ದಡದವರು ಹುಕ್ಕೇರಿ ಕಡೆಯ ಬೀಗರ ಮನೆಗೆ, ಎಲ್ಲರೂ ನಮ್ಮ ದೋಣಿಯನ್ನೇ ಹತ್ತಬೇಕು. ಪಡುವಣ ಗಾಳಿ ಬಿಟ್ಟರೆ ನಮ್ಮ ಮನೆಯವರು ಎರಡು ಬಿದಿರಿನ ನಡುವೆ ಕಂಬಳಿ ಕಟ್ಟಿ ಗಾಳಿ ಹಿಡಿಸುತ್ತಿದ್ದರು. ಇಲ್ಲದಿದ್ದರೆ ಉದ್ದನೆಯ ಬಿದಿರಿನ ಗಳ ಊರಿ ನೂಕುವುದು. ಸಮುದ್ರದಲ್ಲಿ ಹಡಗು ನಡೆಸುವವರು ಬಹಳ ದೊಡ್ಡವರಂತೆ. ಇರಲಿ. ಅವರ ಹಡಗಿಗೆ ಎಮ್ಮೆ ಹತ್ತಿಸಿ ನೋಡಲಿ, ಆಮೇಲೆ ಮಾತಾಡೋಣ.

ದೋಣಿ ದಡ ಮುಟ್ಟಿದ ಮೇಲೆ ಏನು ಕುಡಿಯಬೇಕು ಎಂಬುದರಲ್ಲಿ ನನ್ನನ್ನು ಮೀರಿದವರಿಲ್ಲ. ಎಲ್ಲ ಕುಡಿದು ನೋಡಿದ್ದೇನೆ. ಹೊಳೆಯ ನೀರನ್ನು ದೋಣಿಯವರು ಕುಡಿಯುವುದಿಲ್ಲ. ದಿನವಿಡೀ ಅದರ ಮುಖ ನೋಡಿ ಸಾಕಾಗಿರುತ್ತದೆ. ಬೆಲ್ಲದ ನೀರು ರುಚಿಯೇ, ಆದರೆ ನಮಗಿಂತ ಮೊದಲು ನೊಣ ಕುಡಿಯುತ್ತವೆ. ಮಜ್ಜಿಗೆ ದೋಣಿ ತೂಗಿದಂತೆಲ್ಲ ತುಳುಕಿ ಅರ್ಧದಷ್ಟು ಸೀರೆಯ ಪಾಲು. ಶಿಂದಿ ಕುಡಿದವನಿಗೆ ಹೊಳೆಗೆ ಮೂರು ದಡ ಕಾಣುತ್ತವೆ, ಅವನು ಯಾವಾಗಲೂ ಮೂರನೆಯದಕ್ಕೇ ದೋಣಿ ಹಚ್ಚಲು ಹೋಗುತ್ತಾನೆ. ಇತ್ತೀಚೆಗೆ ಚಹಾ ಕಂಪನಿಯವನೊಬ್ಬ ಕಿಟ್ಲಿ ಹಿಡಿದು ಊರೂರು ತಿರುಗುತ್ತ ಪುಕ್ಕಟೆ ಚಹಾ ಕುಡಿಸುತ್ತಿದ್ದ. “ಕುಡೀರಿ ಯವ್ವಾ, ದಣಿವು ಹೋಗತೈತಿ” ಅಂದ. “ನಾ ಎಲ್ಲಿ ದಣದೇನೋ ತಮ್ಮಾ?” ಅಂದೆ. ಪಾಪ, ಅವನಿಗೆ ಮುಂದಿನ ಮಾತು ಕಲಿಸಿರಲಿಲ್ಲ.

ಕುಡಿಯಬೇಕಾದದ್ದು ಅಂಬಲಿ. ಜೋಳದ ಹಿಟ್ಟನ್ನು ಹಿಂದಿನ ದಿನವೇ ಹುಳಿಗೆ ಬಿಟ್ಟು, ಕಾಸಿ ಆರಿಸಿ, ಮಜ್ಜಿಗೆ, ಉಪ್ಪು ಬೆರೆಸಿ, ಬೆಳ್ಳುಳ್ಳಿ ಜಜ್ಜಿ ಹಾಕಬೇಕು. ದೋಣಿ ತೂಗಿದರೂ ತುಳುಕಬಾರದು, ಗಡಿಗೆ ಎತ್ತಿದರೆ ಗಂಟಲಿಗೆ ತಾನೇ ಇಳಿಯಬೇಕು, ಅಷ್ಟು ಹದ. ನಮ್ಮ ಅತ್ತೆ ಅದನ್ನು ಬಲ್ಲವಳು. ಜಗತ್ತಿನಲ್ಲಿ ಅವಳಿಗೆ ಬಾರದೆ ಇದ್ದದ್ದು ಒಂದೇ, ನಗುವುದು.

ಅದಕ್ಕೊಂದು ಕಟ್ಟಳೆ ಇತ್ತು. ಸಂಜೆ ಕಡೆಯ ಸಲ ದೋಣಿ ಕಟ್ಟಿದ ಮೇಲೆ ಅತ್ತೆ ಗಡಿಗೆ ತರುತ್ತಿದ್ದಳು. ಗಳ ಹಿಡಿದವರು ಕೆಳಗಿಳಿಯದೆ, ದೋಣಿಯಲ್ಲೇ ಕೂತು, ಹೊಳೆಗೆ ಒಂದು ಗುಟುಕು ಬಿಟ್ಟು ಕುಡಿಯಬೇಕು. ಇಳಿದು ಕುಡಿದರೆ ಅದು ಬರಿಯ ಊಟ. ಯಾರ ಕೈಗೆ ಆ ಗಡಿಗೆ ಹೋಗುತ್ತದೋ ದೋಣಿ ಅವರದು; ಸುಗ್ಗಿಯಲ್ಲಿ ಎರಡೂ ದಡದ ರೈತರು ವರ್ಷದ ದೋಣಿಕೂಲಿಯೆಂದು ಜೋಳದ ಆಯ ಕೊಡುವುದೂ ಅವರಿಗೇ. ಕಾಗದ ಪತ್ರ ನಮಗೆ ಗೊತ್ತಿಲ್ಲ, ಗಡಿಗೆಯೇ ನಮ್ಮ ಪತ್ರ. ಹೆಂಗಸಿನ ಕೈಗೆ ಅದು ಎಂದೂ ಹೋಗಿರಲಿಲ್ಲ.

ಒಂದು ಮಳೆಗಾಲ, ದೋಣಿ ಹತ್ತಿಸುವಾಗ ಯಮಕನಮರಡಿಯ ಎಮ್ಮೆಯೊಂದು ನಮ್ಮ ಮನೆಯವರ ಪಾದದ ಮೇಲೆ ನಿಂತಿತು. ನಿಂತದ್ದು ಇಳಿಯಲಿಲ್ಲ. ಪಾದ ಕುಂಬಳಕಾಯಿಯಾಯಿತು. ಇನ್ನು ಈ ಮನುಷ್ಯ ಗಳ ಹಿಡಿಯುವುದಿಲ್ಲ ಎಂದು ನಾಟಿ ವೈದ್ಯ ಹೇಳಿಬಿಟ್ಟ. ಇವರು ಹಾಸಿಗೆಯಲ್ಲೇ, “ಕಲ್ಲಪ್ಪಗ ಹೇಳಿ ಕಳಸ್ರಿ” ಅಂದರು. ಕಲ್ಲಪ್ಪ ನನ್ನ ಮೈದುನ. ಮೂಡಲಗಿಯಲ್ಲಿ ಹೆಂಡತಿಯ ತವರು ಸೇರಿ ಗಾಡಿ ಹೊಡೆಯುತ್ತಿದ್ದ. ಅವನು ಬಂದರೆ ದೋಣಿ ಅವನದು. ನಾವು ಅವನ ಕೈ ನೋಡಿ ಉಣ್ಣಬೇಕು. ನಾನು ತವರಿನಲ್ಲಿ ಅಪ್ಪನ ದೋಣಿಯಲ್ಲೇ ಬೆಳೆದವಳು. ಮರುದಿನ ಬೆಳಿಗ್ಗೆ ದಡದಲ್ಲಿ ಜನ ನಿಂತಿದ್ದರು. ಸೀರೆ ಕಚ್ಚೆ ಬಿಗಿದು ಹಗ್ಗ ಬಿಚ್ಚಿದೆ. ಅತ್ತೆ ನನ್ನ ಹಿಂದೆಯೇ ಬಂದು ದಡದ ಕಲ್ಲಿನ ಮೇಲೆ ಕೂತಳು. ದಿನವಿಡೀ ಅಲ್ಲೇ ಕೂತಿದ್ದಳು.

ಸಂಜೆಯ ಹೊತ್ತಿಗೆ ಒಡ್ಡಿನ ಮೇಲೆ ನೀರು ಹಾಯತೊಡಗಿತು. ಸೆಳೆತಕ್ಕೆ ಸಿಕ್ಕ ದೋಣಿ ಒಡ್ಡು ಹಾರಿದರೆ ಆಮೇಲೆ ಅದು ಸೌದೆ. ಕಡೆಯ ಸಲ ಆಚೆ ದಡಕ್ಕೆ ಹೋದಾಗ ಒಬ್ಬ ಮುದುಕ ಕುರುಬ ತನ್ನ ಕುರಿಗಳೊಂದಿಗೆ ಕಾದಿದ್ದ. ಅವನ ಬಾಜೂಕ್ಕೆ ಹೊಸ ರುಮಾಲು ಸುತ್ತಿದ ಕಲ್ಲಪ್ಪ! ದೋಣಿ ಹತ್ತಿ ಮುಂದೆ ಕೂತ. ಗಳ ಮುಟ್ಟಿ ವರ್ಷಗಳಾಗಿದ್ದವು, ಬಾಯಿ ಮಾತ್ರ ಚುರುಕಾಗಿತ್ತು.

“ಎಡಕ್ಕ ವೈನಿ, ಎಡಕ್ಕ! ಸೆಳವು ಐತಿ!”

“ಕುರಿ ಹಿಡ್ಕೊ ಕಲ್ಲಪ್ಪಾ. ಅವೂ ನಿನ್ನಂಗ ಒದರಾಕತ್ತಾವು.”

ಮುದುಕ ಕುರುಬ ಕೆಮ್ಮಿದ. ನಕ್ಕದ್ದನ್ನು ಮುಚ್ಚಿಕೊಂಡನೆಂದು ಕಾಣುತ್ತದೆ.

ದಡದ ಗುಂಟ ಬಹಳ ಮೇಲಕ್ಕೆ ನೂಕಿಕೊಂಡು ಹೋಗಿ, ಅಲ್ಲಿಂದ ಓರೆಯಾಗಿ ನೀರಿಗೆ ಬಿಟ್ಟೆ. ನಡುವೆ ಗಳಕ್ಕೆ ನೆಲ ಸಿಗಲಿಲ್ಲ. ಸುಮ್ಮನೆ ಹುಟ್ಟು ಹಾಕುತ್ತ, ಒಡ್ಡಿನ ಭೋರ್ಗರೆತದ ಕಡೆಗೆ ತಿರುಗಿಯೂ ನೋಡಲಿಲ್ಲ. ಕಲ್ಲಪ್ಪ ಈಗ ಎರಡೂ ಕೈಯಿಂದ ಕುರಿ ಹಿಡಿದುಕೊಂಡಿದ್ದ. ಮತ್ತೆ ಗಳಕ್ಕೆ ನೆಲ ತಾಗಿದಾಗ ದೋಣಿ ಕಟ್ಟುವ ನಮ್ಮ ಗೂಟ ಎದುರಿಗೇ ಇತ್ತು. ಒಂದು ಕುರಿಯ ಗೊರಸೂ ನೆನೆಯಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳಬೇಕಾದ ಕುರುಬ ಸತ್ತು ಹೋಗಿದ್ದಾನೆ.

ದೋಣಿ ಕಟ್ಟಿದೆ. ಕುರಿ ಇಳಿದವು, ಕುರುಬ ಇಳಿದ, ಕಲ್ಲಪ್ಪ ಇಳಿಯಲಿಲ್ಲ. ಅತ್ತೆ ಗಡಿಗೆ ಹಿಡಿದು ಮೊಣಕಾಲಷ್ಟು ನೀರಿಗೆ ಬಂದಳು. ದಡದ ಮೇಲಿನ ಜನ ಹತ್ತಿರಕ್ಕೆ ಸರಿದರು. ಕಲ್ಲಪ್ಪ ಎರಡೂ ಕೈ ಚಾಚಿದ.

“ತಾ ಯವ್ವಾ. ಗಂಟಲಾ ಒಣಗೇತಿ.”

ಅತ್ತೆ ಅವನ ಕೈ ದಾಟಿ ಬಂದಳು. “ನಿಂದು ಮನ್ಯಾಗ ಇಟ್ಟೇನಿ, ಹೋಗಿ ಕುಡಿ” ಅಂದಳು. “ಇದು ಗಳ ಹಿಡದವರದು.”

ಗಡಿಗೆ ನನ್ನ ಕೈಗೆ ಬಂತು. ಹೊಳೆಗೆ ಒಂದು ಗುಟುಕು ಬಿಟ್ಟು ಕುಡಿದೆ. ದೋಣಿ ತೂಗುತ್ತಿತ್ತು, ಒಂದು ಹನಿ ತುಳುಕಲಿಲ್ಲ. ಮೈದುನ ರುಮಾಲು ಸರಿಮಾಡಿಕೊಂಡು ಮನೆಗೆ ಹೋದ, ಮರುದಿನ ಮೂಡಲಗಿಗೆ. ಆ ಸುಗ್ಗಿಯಿಂದ ಆಯದ ಜೋಳ ನನ್ನ ಹೆಸರಿಗೇ ಬಂತು.

ನಿಮಗೆ ಯಾವ ಅಂಬಲಿ ಎಲ್ಲಕ್ಕಿಂತ ಇಷ್ಟ ಎಂದು ಸೊಸೆ ಕೇಳಿದರೆ ಆ ದಿನದ್ದು ಅನ್ನುತ್ತೇನೆ. ಅದರಲ್ಲಿ ಉಪ್ಪೇ ಇರಲಿಲ್ಲ. ಎಂದೂ ಹದ ತಪ್ಪದ ಮುದುಕಿ ಅಂದು ಒಡ್ಡಿನ ನೀರು ನೋಡುತ್ತ ಉಪ್ಪು ಮರೆತಿದ್ದಳು. ನಾನು ತಳದವರೆಗೆ ಕುಡಿದೆ, ಒಂದು ಮಾತು ಆಡಲಿಲ್ಲ. ಉಪ್ಪು ಬೇಕೆಂದರೆ ಇಳಿದು ಮನೆಗೆ ಹೋಗಬೇಕಿತ್ತು. ಅಷ್ಟು ಕಷ್ಟಪಟ್ಟು ಹತ್ತಿದ ದೋಣಿಯಿಂದ ಒಂದು ಚಿಟಿಕೆ ಉಪ್ಪಿಗಾಗಿ ಇಳಿಯುವಷ್ಟು ಹುಚ್ಚಿ ನಾನಲ್ಲ.