ಮೂವತ್ತೆರಡನೆಯ ಚೀಟಿ

ಕಳೆದ ಗುರುವಾರ ಹಲ್ಲಿನ ಡಾಕ್ಟರು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ನನ್ನ ದವಡೆಗೆ ಇಟ್ಟು, ಹತ್ತು ನಿಮಿಷ ಬಾಯಿ ತೆರೆಯಬೇಡಿ ಎಂದರು. ಆ ಹತ್ತು ನಿಮಿಷ ಹಲ್ಲುನೋವು ನೆನಪಿಗೆ ಬರಲಿಲ್ಲ. ಭಜನೆ ಮಂದಿರದ ಹಾಲ್, ಮಡಚುವ ಕಬ್ಬಿಣದ ಕುರ್ಚಿಗಳ ಸದ್ದು, ಮುಚ್ಚಳದಲ್ಲಿ ಸೀಳು ಕೊರೆದ ಬಿಸ್ಕತ್ ಡಬ್ಬ, ಅದರ ಹಿಂದೆ ಕೆನ್ನೆಯಲ್ಲಿ ಲವಂಗ ಒತ್ತಿಕೊಂಡು ನಿಂತ ಹಿಂದಿನ ಮನೆ ಮಾಮ...

ಮನೆಗೆ ಬಂದು ಏಳು ವರ್ಷದ ಹಿಂದಿನ ಡೈರಿ ತೆಗೆದೆ. ಎಲ್ಲ ಬರೆದಿಟ್ಟಿದ್ದೇನೆ. ಆದರೂ ತಾಳೆ ಆಗುವುದಿಲ್ಲ.

ಅವರು ನನಗೆ ನಂಟಿನ ಮಾಮ ಅಲ್ಲ. ಅಗ್ರಹಾರದ ನಮ್ಮ ಮನೆಯ ಬೆನ್ನಿಗೆ ಅವರ ಮನೆಯ ಬೆನ್ನು. ಮಧ್ಯೆ ಎಂಟು ಅಡಿಯ ಗಲ್ಲಿ. ಚರಂಡಿ ಕೆಲಸದವರು ಓಡಾಡಲೆಂದು ಹಿಂದಿನವರು ಬಿಟ್ಟ ಜಾಗ ಅದು, ಕನ್ಸರ್ವೆನ್ಸಿ ಎನ್ನುತ್ತಾರೆ. ಮಾಮ ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು. ನಿವೃತ್ತರಾದ ಮೇಲೆ ಪ್ರತಿ ತಿಂಗಳ ಎರಡನೇ ಭಾನುವಾರ ಸಂಜೆ ಐದಕ್ಕೆ ಭಜನೆ ಮಂದಿರದಲ್ಲಿ ಬೀದಿಯವರಿಗಾಗಿ ಒಂದು ಭಾಷಣ ಏರ್ಪಡಿಸುತ್ತಿದ್ದರು. ಸೊಳ್ಳೆ, ಹಸಿ ಕಸ, ನಲ್ಲಿ ನೀರು, ದೂರು ಬರೆಯುವ ಬಗೆ. ಒಟ್ಟು ಹನ್ನೊಂದು ನಡೆದವು. ಮೊದಲನೆಯದಕ್ಕೆ ಬಂದವರು ಏಳು ಜನ. ಬೀದಿನಾಯಿಗಳ ಭಾಷಣಕ್ಕೆ ನಲವತ್ತೆರಡು. ಅವತ್ತು ಜಗಳ ಆಗಬಾರದೆಂದು ಮಾಮ, "ನಾಯಿಗೆ ಅನ್ನ ಹಾಕೋರು ಎಡಗಡೆ ಕೂತ್ಕೊಳ್ಳಿ, ಕಚ್ಚಿಸ್ಕೊಂಡೋರು ಬಲಗಡೆ" ಎಂದರು. "ನಾನು ಎರಡೂ ಕಣ್ರೀ, ಎಲ್ಲಿ ಕೂರ್ಲಿ?" ಎಂದು ಹೂವಿನ ಅಂಗಡಿಯವರು ಕೇಳಿದ್ದನ್ನೂ ಬರೆದಿಟ್ಟಿದ್ದೇನೆ.

ಆಗ ನನಗೆ ಹತ್ತೊಂಬತ್ತು. ಡೈರಿ ಬರೆಯುವ ಹುಡುಗಿ ಎಂದು ಗೊತ್ತಾದದ್ದೇ ಎಣಿಕೆಯ ಕೆಲಸ ನನಗೆ ಬಂತು. ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡುವುದು, ಬಂದವರಿಗೆ ತಲೆಗೊಂದರಂತೆ ಕೊಡುವುದು, ಭಾಷಣ ಮುಗಿದ ಮೇಲೆ ಡಬ್ಬ ತೆರೆದು ಪ್ರಶ್ನೆಗಳನ್ನು ಓದುವುದು. ಎದುರೆದುರು ಕೇಳಿದರೆ ನಾಳೆ ಬೀದಿಯಲ್ಲಿ ಮುಖ ನೋಡಬೇಕಲ್ಲ, ಅದಕ್ಕೆ ಚೀಟಿಯ ಮೇಲೆ ಹೆಸರು ಬೇಡ. ಪ್ರಶ್ನೆ ಇಲ್ಲದವರೂ ಖಾಲಿ ಚೀಟಿಯನ್ನು ಡಬ್ಬಕ್ಕೆ ಹಾಕಬೇಕು. "ಕೊಟ್ಟಿದ್ದಕ್ಕೂ ಬಂದಿದ್ದಕ್ಕೂ ತಾಳೆ ಆಗ್ಬೇಕು ಕಣಮ್ಮ" ಎನ್ನುತ್ತಿದ್ದರು ಮಾಮ. ಇನ್ನೊಂದು ನಿಯಮ, ಡಬ್ಬಕ್ಕೆ ಬಿದ್ದ ಚೀಟಿ ಏನೇ ಇರಲಿ, ಗಟ್ಟಿಯಾಗಿ ಓದಲೇಬೇಕು.

ಹನ್ನೊಂದನೆಯ ಭಾಷಣ ಕನ್ಸರ್ವೆನ್ಸಿ ಕುರಿತು. ಆ ವರ್ಷ ಜೋರು ಮಳೆ ಬಂದಾಗಲೆಲ್ಲ ಚರಂಡಿ ನೀರು ನಮ್ಮ ಸಾಲಿನ ಅಡುಗೆಮನೆಗಳಿಗೆ ನುಗ್ಗುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು. ಗಲ್ಲಿಯ ಹನ್ನೆರಡು ಮನೆಯವರೂ ಹಿಂದಕ್ಕೆ ಏನಾದರೂ ಕಟ್ಟಿಕೊಂಡಿದ್ದೆವು. ಮಾಮನದು ಮೂರೂವರೆ ಅಡಿ ಬಚ್ಚಲುಮನೆ. ಎದುರಿಗೆ ನಮ್ಮದು, ವಾಷಿಂಗ್ ಮಷೀನ್ ಇಡುವ ಸಣ್ಣ ಕೋಣೆ. ಮಧ್ಯೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಜಾಗ. ಮಾತಾಡಬೇಕಿದ್ದ ಎಂಜಿನಿಯರು ಬರಲಿಲ್ಲ, ಮಾಮ ತಾವೇ ಮಾತಾಡಿ, ಕಟ್ಟಿದ್ದನ್ನೆಲ್ಲ ಒಡೆದು ಗಲ್ಲಿ ಬಿಡಿಸಬೇಕು ಎಂದರು. ಬೇರೆಯವರನ್ನು ಬೈಯಲಿಲ್ಲ. ತಮ್ಮ ಬಚ್ಚಲಿನ ಹೆಸರೂ ಎತ್ತಲಿಲ್ಲ.

ಅವತ್ತಿನ ಲೆಕ್ಕ ಹೀಗಿದೆ: ಕತ್ತರಿಸಿದ ಚೀಟಿ ನಲವತ್ತು. ಕೊಟ್ಟದ್ದು ಮೂವತ್ತೊಂದು. ಡಬ್ಬದಲ್ಲಿ ಸಿಕ್ಕಿದ್ದು ಮೂವತ್ತೆರಡು. ಮೇಜಿನ ಮೇಲೆ ಒಂಬತ್ತು ಉಳಿಯಬೇಕಿತ್ತು, ಎಂಟು ಇತ್ತು. ಡಬ್ಬ ಇದ್ದದ್ದು ಬೇರೆ ಕಡೆ, ಚೀಟಿಯ ಮೇಜಿನ ಹತ್ತಿರ ಸುಳಿದವರು ನಾಲ್ವರೇ. ಮಾಮ, ಕಾಫಿ ತಂದ ಮಾಮಿ, ಎರಡನೇ ಲೋಟ ಕಾಫಿಗೆ ಬಂದ ನಮ್ಮ ಅಪ್ಪ, ಮತ್ತು ನಾನು.

ಎಷ್ಟನೆಯದೋ ಚೀಟಿ ಬಿಡಿಸಿ ನಾನು ಸುಮ್ಮನಾದೆ. "ಓದು ಪುಟ್ಟಿ, ಯಾಕ್ ನಿಲ್ಲಿಸ್ದೆ?" ಎಂದರು ಮಾಮ. ಓದಿದೆ. 'ಗಲ್ಲಿ ಬಿಡಿಸಬೇಕು ಎನ್ನುವವರ ಬಚ್ಚಲುಮನೆ ಎಲ್ಲಿದೆ?'

ಮಾಮ ಕೆನ್ನೆಯ ಲವಂಗವನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದರು. "ಸರಿಯಾದ ಪ್ರಶ್ನೆ. ಗಲ್ಲೀಲೇ ಇದೆ. ಮುಂದಿನ ಭಾನುವಾರದ ಹೊತ್ಗೆ ಇರಲ್ಲ."

"ಸ್ನಾನ ಎಲ್ಲಿ ಮಾಡ್ತೀರಿ ಸ್ವಾಮಿ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಿಮ್ಮನೆ ಬಚ್ಚಲಲ್ಲಿ. ಅದು ಬೀಳೋವರ್ಗೂ."

ಎಲ್ಲರೂ ನಕ್ಕರು. ಬಾಗಿಲಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದ ಮಾಮಿ ಮಾತ್ರ ನಗಲಿಲ್ಲ. ಮಾಮ ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಹೆಚ್ಚಾಗಿ ಬಿದ್ದದ್ದು ಅದೇ ಎಂದು ನನ್ನ ಅನುಮಾನ. ಡೈರಿಯಲ್ಲಿ 'ನೀಲಿ ಇಂಕು' ಎಂದಿದೆ. ಪೆನ್ನುಗಳೆಲ್ಲ ನೀಲಿಯವೇ. ಅಕ್ಷರ ಹೇಗಿತ್ತು ಎಂದು ನಾನು ಬರೆದಿಟ್ಟಿಲ್ಲ...

ಮರುದಿನದಿಂದಲೇ ಸುತ್ತಿಗೆಯ ಸದ್ದು. ಒಬ್ಬ ಗಾರೆ ಕೆಲಸದವನ ಜೊತೆ ಮಾಮ ತಾವೂ ಪಂಚೆ ಎತ್ತಿ ಕಟ್ಟಿ ಇಟ್ಟಿಗೆ ಕೀಳುತ್ತಿದ್ದರು. ನಾನು ಅಡುಗೆಮನೆ ಕಿಟಕಿಯಿಂದ ಇಟ್ಟಿಗೆ ಚೂರು ಹೊತ್ತ ಬಾಂಡ್ಲಿಗಳನ್ನು ಎಣಿಸಿದೆ, ನೂರ ಹದಿನೆಂಟು. ಹಿಂದಕ್ಕೆ ಹೋಗಿ ಒಂದನ್ನಾದರೂ ಎತ್ತಿಕೊಡಬಹುದಿತ್ತು. ಕೊಡಲಿಲ್ಲ. ನಾನೇ ಓದಿ ಅವರ ಬಚ್ಚಲು ಕೆಡವಿಸಿದೆ ಎಂಬ ಭಯ.

"ಮೊದ್ಲು ಅವರದ್ದು ಬೀಳ್ಲಿ, ಆಮೇಲೆ ನಮ್ದು" ಎನ್ನುತ್ತಿದ್ದ ಅಪ್ಪ, ಬಿದ್ದ ಮೇಲೆ "ಮಳೆಗಾಲ ಕಳೀಲಿ" ಎಂದರು. ಮಳೆಗಾಲ ಕಳೆದ ಮೇಲೆ, "ವಾಷಿಂಗ್ ಮಷೀನ್ ಏನು ನಿನ್ನ ತಲೆ ಮೇಲೆ ಇಡ್ಲಾ?" ಎಂದರು. ಹನ್ನೆರಡು ಮನೆಗಳಲ್ಲಿ ಒಡೆದದ್ದು ಒಂದೇ.

ಮುಂದಿನ ತಿಂಗಳಿಗೂ ನಾನು ಚೀಟಿ ಕತ್ತರಿಸಿಟ್ಟಿದ್ದೆ. "ಈ ತಿಂಗಳು ಬೇಡ ಪುಟ್ಟಿ, ನೋಡೋಣ" ಎಂದರು ಮಾಮ. ಅದರ ಮುಂದಿನ ತಿಂಗಳೂ ಅದೇ ಮಾತು. ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಎದುರಿಗೆ ಕಂಡರೆ ಬೇರೆ ಬೀದಿಗೆ ತಿರುಗುತ್ತಿದ್ದೆ. ಅವರು ತೀರಿಕೊಳ್ಳುವವರೆಗಿನ ಐದು ವರ್ಷದಲ್ಲಿ ನಾವು ಮಾತಾಡಿದ್ದು ಹದಿನಾಲ್ಕು ಸಲ, ಮೊನ್ನೆ ಎಣಿಸಿದೆ. ಒಂದರಲ್ಲೂ ಚೀಟಿಯ ಮಾತಿಲ್ಲ. ಅವರು ಕೇಳಲಿಲ್ಲ, ನಾನು ಎತ್ತಲಿಲ್ಲ.

ಭಾನುವಾರ ಇಲವಾಲದ ಬಸ್ಸು ಹತ್ತಿದೆ. ಮಾಮಿ ಈಗ ಅಲ್ಲಿ ತಂಗಿಯ ಜೊತೆ ಇದ್ದಾರೆ. ಜಗಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡೆ. ಹಿತುಕುತ್ತಲೇ ಕೇಳಿಯೇಬಿಟ್ಟೆ. "ಮಾಮಿ, ಆ ಬಚ್ಚಲುಮನೆ ಚೀಟಿ ನೀವು ಬರೆದಿದ್ದಾ?"

"ನಂಗೇನು ತಲೆ ಕೆಟ್ಟಿತ್ತಾ? ಹಂಡೆ ಸಮೇತ ಬಚ್ಚಲು ಕಳ್ಕೊಂಡು ಆರು ತಿಂಗಳು ಅಡುಗೆಮನೆ ಮೂಲೇಲಿ ಮರೆ ಕಟ್ಕೊಂಡು ಸ್ನಾನ ಮಾಡಿದೋಳು ನಾನು!" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ನೀನಲ್ವಾ ಬರ್ದಿದ್ದು?" ಎಂದರು.

ನನ್ನ ಕೈಯ ಕಾಳು ಹಾಗೇ ಉಳಿಯಿತು.

"ಅವರು ಕೊನೇವರ್ಗೂ ನಿಂದೇ ಅಂತಿದ್ರು. ಎಷ್ಟ್ ಖುಷಿ ಗೊತ್ತಾ? 'ನನ್ನನ್ನ ಕೇಳೋಕೆ ಒಬ್ಳಿಗಾದ್ರೂ ಧೈರ್ಯ ಬಂತಲ್ಲ' ಅಂತ. ಕೇಳಿದೋಳ ಮನೆ ಗೋಡೆ ತಾನಾಗೇ ಬೀಳತ್ತೆ, ಅದು ಬಿದ್ದ ಮೇಲೆ ಮತ್ತೆ ಭಾಷಣ ಶುರು ಮಾಡೋಣ ಅಂತ... ದಿನಾ ಬೆಳಿಗ್ಗೆ ಕಾಫಿ ಹಿಡ್ಕೊಂಡು ಹಿತ್ತಲ ಬಾಗಿಲಲ್ಲಿ ನಿಂತು ನಿಮ್ಮ ಗೋಡೆ ನೋಡೋರು. ನಾನು ಬೈತಿದ್ದೆ, ಕಾಫಿ ಆರತ್ತೆ ಬನ್ನಿ ಒಳಗೆ ಅಂತ."

ಅವರು ಹಾಗೆ ನಿಂತಿದ್ದನ್ನು ನಾನೂ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಸಿಟ್ಟಿನಿಂದ ನೋಡುತ್ತಿದ್ದಾರೆ ಎಂದುಕೊಂಡು ಪರದೆ ಎಳೆದಿದ್ದೆ.

ಬರೆದವಳು ನಾನಲ್ಲ ಎಂದು ಮಾಮಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಈಗಲೂ ಗೊತ್ತಾಗುತ್ತಿಲ್ಲ. ಮಾಮ ಬರೆದಿದ್ದರೆ ನನ್ನದು ಎನ್ನುತ್ತಿರಲಿಲ್ಲ. ಮಾಮಿ ಅಲ್ಲ. ನಾನಲ್ಲ. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ "ಯಾವ ಚೀಟಿ?" ಎಂದರು. ನಿಜವಾಗಿಯೂ ಮರೆತಿದ್ದಾರೋ... ಅವರ ಮುಖದಿಂದ ಏನೂ ತಿಳಿಯಲಿಲ್ಲ. ಅಥವಾ ನಾನೇ ಎಣಿಸುವಾಗ ತಪ್ಪಿದ್ದೆನೋ. ಮೂವತ್ತೊಂದು ಜನರಲ್ಲಿ ಯಾರಾದರೂ ಬರೆದಿರಬಹುದು.

ಇವತ್ತು ಬೆಳಿಗ್ಗೆ ಟೇಪು ತೆಗೆದುಕೊಂಡು ಹಿಂದಕ್ಕೆ ಹೋದೆ. ನಮ್ಮ ಕೋಣೆ ಗಲ್ಲಿಗೆ ಚಾಚಿರುವುದು ಎರಡು ಅಡಿ ಒಂಬತ್ತು ಅಂಗುಲ. ಏಳು ವರ್ಷದಲ್ಲಿ ಏನೇನೋ ಎಣಿಸಿದ್ದೇನೆ, ಇದನ್ನು ಅಳೆದದ್ದು ಇದೇ ಮೊದಲು. ಒಳಗೆ ಮಷೀನ್ ಗುಡುಗುಡು ತಿರುಗುತ್ತಿತ್ತು. ಎದುರಿಗೆ ಮಾಮ ಬಿಟ್ಟುಕೊಟ್ಟ ಮೂರೂವರೆ ಅಡಿ ಹಾಗೇ ಇದೆ, ಹಳೆಯ ಬಚ್ಚಲಿನ ಕಲ್ಲಿನ ಗುರುತೂ ಇದೆ. ಹಿತ್ತಲ ಬಾಗಿಲಿಗೆ ಬೀಗ. ಆ ಬಾಗಿಲ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ನೋಡಿದರೆ ಕಾಣುವುದು ನಮ್ಮ ಗೋಡೆ ಒಂದೇ.