ದೊಡ್ಡ ಕಲ್ಲಿನ ಮಗ್ಗುಲ ಚಿಕ್ಕ ಕಲ್ಲು

ಬಸ್ಸಿನ ಚಕ್ರ ಅಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ರಸ್ತೆಯ ಮೇಲೆ ಬಿದ್ದು ನೋಡಿದರೆ ಗೊತ್ತಾಗುತ್ತದೆ. (ನೀವು ನೋಡಬೇಡಿ.)

ಹೋದ ಭಾನುವಾರ ಹನೂರಿನಿಂದ ಅಜ್ಜೀಪುರದ ನೆಂಟರ ಮನೆಗೆ ಊಟಕ್ಕೆ ಹೊರಟಿದ್ದೆವು. ಸ್ಕೂಟರ್ ಓಡಿಸುತ್ತಿದ್ದವಳು ಅಣ್ಣನ ಮಗಳು ಸಹನಾ. ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮರುದಿನ ಅವಳ ಸೆಮಿನಾರ್. ವಿಷಯ, ಚಂದ್ರರಿರುವ ಕ್ಷುದ್ರಗ್ರಹಗಳು. ಹಿಂದೆ ಕೂತ ನಾನೇ ಮೊದಲ ಶ್ರೋತೃ. ಎದ್ದು ಹೋಗುವಂತಿಲ್ಲವಲ್ಲ!

"ಚಿಕ್ಕಪ್ಪ, ಐಡಾ ಅಂತ ಒಂದು ಕಲ್ಲಿದೆ. ಹೆಚ್ಚು ಕಡಿಮೆ ಕೊಳ್ಳೇಗಾಲದಿಂದ ಮೈಸೂರಿನಷ್ಟು ಉದ್ದ. ಅದನ್ನ ಒಂದೂವರೆ ಕಿಲೋಮೀಟರಿನ ಪುಟ್ಟ ಚಂದ್ರ ಸುತ್ತುತ್ತೆ. ಒಂದು ಬಾಹ್ಯಾಕಾಶ ನೌಕೆ ಹತ್ತಿರದಲ್ಲೇ ಹಾದು ಹೋದಾಗ ಯಾರಿಗೂ ಗೊತ್ತಾಗ್ಲಿಲ್ಲ. ತಿಂಗಳುಗಳಾದ್ಮೇಲೆ ಫೋಟೋ ನೋಡ್ವಾಗ ಪಕ್ಕದಲ್ಲಿ ಒಂದು ಚುಕ್ಕೆ!"

"ನೌಕೆ ಅದಕ್ಕೇ ಡಿಕ್ಕಿ ಹೊಡೆದಿದ್ರೆ?"

"ಹೊಡೀಲಿಲ್ವಲ್ಲ" ಎಂದು ನಕ್ಕಳು.

ಮುಂದೆ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ನಮ್ಮ ಕಡೆ ಒಕ್ಕಣೆ ಕೆಲಸ ಬಸ್ಸು ಲಾರಿಗಳದ್ದೇ ತಾನೆ? ಗಾಡಿಗಳು ಹುರುಳಿ ತಪ್ಪಿಸಿ ಹೋಗದಂತೆ ಬರಿ ಟಾರಿನ ಮೇಲೆ ದಪ್ಪ ಕಲ್ಲೊಂದನ್ನು ಇಟ್ಟಿದ್ದರು. ಹುರುಳಿಯ ಮೇಲೆ ಹೋದರೆ ಸ್ಕೂಟರ್ ಜಾರುತ್ತದೆ. ಸಹನಾ ಜಾಣೆ, ಕಲ್ಲಿನ ಮಗ್ಗುಲಲ್ಲಿ ಸಂದಿ ನೋಡಿ ತಿರುಗಿಸಿದಳು.

ದೊಡ್ಡ ಕಲ್ಲು ತಪ್ಪಿತು. ಅದರ ಬುಡದಲ್ಲಿ ಹೊಟ್ಟಿನಡಿ ತೆಂಗಿನಕಾಯಿ ಗಾತ್ರದ ಇನ್ನೊಂದು ಕಲ್ಲಿತ್ತು.

ನಾನು ಹುರುಳಿಯ ಮೇಲೆ ಬಿದ್ದೆ. ಅವಳು ಟಾರಿನ ಮೇಲೆ. ಎದುರಿನಿಂದ ಬಸ್ಸು. ಬ್ರೇಕಿನ ಆ ಕಿರುಚು ಈಗಲೂ ಕಿವಿಯಲ್ಲಿದೆ. ಚಕ್ರ ನಿಂತಾಗ ಅದಕ್ಕೂ ಅವಳ ಹೆಲ್ಮೆಟ್ಟಿಗೂ ನಡುವೆ ಒಂದು ಮೊಳವೂ ಇರಲಿಲ್ಲ.

"ಮೊಬೈಲ್ ನೋಡ್ಕಂಡು ಓಡುಸ್ತಿದ್ದೇನವ್ವಾ?" ಡ್ರೈವರ್ ಕಿಟಕಿಯಿಂದ ಕೂಗಿದ.

"ಏ, ಮೊದ್ಲು ಇಳ್ದು ಆ ಮಗೀನ ಎತ್ತಯ್ಯ! ಆಮ್ಯಾಕೆ ಬೈಯಿವಂತೆ" ಎಂದು ಹುರುಳಿ ತಿರುವುತ್ತಿದ್ದ ಹೆಂಗಸು ಓಡಿಬಂದರು. ಎತ್ತಿದ ಮೇಲೆ ಅವರೂ ಬೈದರು. "ಅಷ್ಟ್ ದಪ್ಪ ಕಲ್ಲು ಕಾಣ್ನಿಲ್ವಾ ಸಾ ನಿಮ್ಗೆ?"

"ಅದು ಕಂಡ್ತಮ್ಮ. ಪಕ್ಕದ್ದು ಕಾಣಲಿಲ್ಲ."

"ಅದಾ? ದೊಡ್ಡದು ಉರುಳ್ಬಾರ್ದು ಅಂತ ಒತ್ತು ಕೊಟ್ಟು ಮಡ್ಗಿದ್ದು ಕಣ್ರಿ."

ಹೇಳುತ್ತಲೇ, ಸಿಡಿದು ಹೋಗಿದ್ದ ಆ ಕಲ್ಲನ್ನು ತಕ್ಕೊಂಡು ಬಂದು ಮತ್ತೆ ಅಲ್ಲೇ ಇಟ್ಟರು! ಬೇಡ ಎನ್ನುವುದು ಬಿಟ್ಟು ನಾನು ಸ್ಕೂಟರ್ ಎತ್ತುತ್ತಿದ್ದೆ.

ಸಹನಾಗೆ ಮೊಣಕೈ ತರಚಿತ್ತು, ಅಷ್ಟೆ. ಆದರೆ ನೋಡುತ್ತಿದ್ದುದು ಮೊಣಕೈಯನ್ನಲ್ಲ, ಕಲ್ಲನ್ನು. "ಚಿಕ್ಕಪ್ಪ, ಅಲ್ಲಿ ದೊಡ್ಡದು ಚಿಕ್ಕದನ್ನ ಹಿಡಿದಿಟ್ಟಿರುತ್ತೆ. ಇಲ್ಲಿ ಚಿಕ್ಕದೇ ದೊಡ್ಡದನ್ನ!"

ನೆಂಟರ ಮನೆಯಲ್ಲಿ ಅವಳು ಮೊಣಕೈಗೆ ಅರಿಶಿನ ಮೆತ್ತಿಸಿಕೊಂಡು ಉಳಿದ ಪಾಠ ಮುಗಿಸಿದಳು. ದೂರದರ್ಶಕದಲ್ಲಿ ಇಂಥ ಜೋಡಿಯ ಎರಡೂ ಕಲ್ಲು ಸೇರಿ ಒಂದೇ ಚುಕ್ಕೆಯಾಗಿ ಕಾಣುತ್ತವಂತೆ. ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಬೆಳಕು ತುಸು ಮಂಕಾಗುತ್ತದೆ. ಅಷ್ಟರಿಂದಲೇ ಜೊತೆಗಾರನಿದ್ದಾನೆ ಎಂದು ಹಿಡಿಯುತ್ತಾರೆ. ಅವನು ಎಷ್ಟು ದೂರದಲ್ಲಿ, ಎಷ್ಟು ಹೊತ್ತಿಗೆ ಸುತ್ತು ಬರುತ್ತಾನೆ ಎಂದು ತಿಳಿದರೆ ದೊಡ್ಡದರ ತೂಕ ಸಿಕ್ಕಿತು. ತೂಕ, ಗಾತ್ರ ಎರಡೂ ಗೊತ್ತಾದರೆ ಅದು ಗಟ್ಟಿ ಬಂಡೆಯೋ ಜಲ್ಲಿ ರಾಶಿಯೋ ಎಂಬ ಸುಳಿವೂ ಸಿಗುತ್ತದೆ. ರಾಶಿಯಾದರೆ, ವೇಗವಾಗಿ ಗಿರಗಿರ ತಿರುಗುವಾಗ ಕಲ್ಲುಗಳು ಸಿಡಿದು, ಸಿಡಿದವೇ ಕೂಡಿ ಚಂದ್ರನಾಗುವುದೂ ಉಂಟಂತೆ.

ಕಾಣದ ಕಲ್ಲನ್ನು ಬರೀ ಮಂಕು ಬೆಳಕಿನಿಂದ ಹಿಡಿಯುತ್ತಾರೆ! ಮಾರು ದೂರದ್ದು ನನಗೆ ಕಾಣಲಿಲ್ಲ.

ಸಂಜೆ ವಾಪಸು ಬರುವಾಗ ಒಕ್ಕಣೆ ಮುಗಿದಿತ್ತು. ಹುರುಳಿ ಮನೆ ಸೇರಿತ್ತು, ಹೆಂಗಸೂ ಇರಲಿಲ್ಲ. ದೊಡ್ಡ ಕಲ್ಲು ಮಾತ್ರ ರಸ್ತೆಯಲ್ಲೇ ಕೂತಿತ್ತು. ಸ್ಕೂಟರ್ ನಿಲ್ಲಿಸಿ ಇಬ್ಬರೂ ಸೇರಿ ಅದನ್ನು ಪಕ್ಕದ ಹಳ್ಳಕ್ಕೆ ಉರುಳಿಸಿದೆವು. ಅಬ್ಬಾ, ಇನ್ನು ಯಾರ ಮಗಳೂ ಇಲ್ಲಿ ಬೀಳುವುದಿಲ್ಲ ಎಂದು ಕೈ ಕೊಡವಿಕೊಂಡೆ.

ಸಹನಾ ಕದಲಲಿಲ್ಲ. ನೆಲವನ್ನೇ ನೋಡುತ್ತಿದ್ದಳು.

"ಚಿಕ್ಕಪ್ಪ, ಇದರ ಚಂದ್ರ ಎಲ್ಲಿ?"

ಕತ್ತಲಾಗುವವರೆಗೂ ಹುಡುಕಿದೆವು, ಸಿಗಲಿಲ್ಲ. ಆ ದಾರಿಯಲ್ಲಿ ಓಡಾಡುವವರೇ, ನಿಮಗೇನಾದರೂ ಕಂಡಿತಾ?